ವಿಶೇಷ ಮಕ್ಕಳೂ ಪಾಠಶಾಲೆಯ ಸಹಾಯಕರೂ

 

ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸುವುದು ಸರಿಯೇ. ಆದರೆ ಕೈಯೆತ್ತಿ ಉಣ್ಣಲಾರದ ಕೂಸಿಗೆ ತುತ್ತು ಮಾಡಿ ಕೊಡುವವರೊಬ್ಬರು ಬೇಕಾಗುತ್ತಾರೆ. ಮಠಗಳ ಆಶ್ರಯದಲ್ಲಿ ನಡೆಯುತ್ತಿರುವ ಪಾಠಶಾಲೆಗಳಲ್ಲಿಯೂ ಇಂತಹ ಮಕ್ಕಳಿರುವರು. ಕಣ್ಣು ಕಾಣದವರು, ಕಿವಿ ಕೇಳದವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು. ಇವರಿಗೆ ಸಹಾಯಕರನ್ನು ಹೇಗೆ ಹಂಚತಕ್ಕದ್ದೆಂಬುದೇ ಈ ಹೊತ್ತಿನ ವಿಚಾರ.

ಈ ಪ್ರಶ್ನೆಯನ್ನು ಬಹುಕಾಲ ಎದುರಿಸಿದ ದೇಶ ಇಂಗ್ಲೆಂಡು. ಮೇರಿ ವಾರ್ನಾಕ್ ಎಂಬ ವಿದುಷಿಯ ಅಧ್ಯಕ್ಷತೆಯ ಸಮಿತಿಯು 1978ರಲ್ಲಿ, ಐವರು ಮಕ್ಕಳಲ್ಲಿ ಒಬ್ಬರಿಗೆ ವಿದ್ಯಾಭ್ಯಾಸದ ಕಾಲದಲ್ಲಿ ಎಂದಾದರೊಮ್ಮೆ ವಿಶೇಷ ನೆರವು ಬೇಕಾದೀತೆಂದು ವರದಿಮಾಡಿತು. 1981ರ ಶಾಸನವು ಆ ವರದಿಯನ್ನು ಅನುಸರಿಸಿ ಹುಟ್ಟಿತು. ಕ್ರಮೇಣ ಸಾಧಾರಣ ಶಾಲೆಗಳಲ್ಲಿ ಇಂತಹ ಮಕ್ಕಳ ಪಕ್ಕದಲ್ಲಿ ಕೂರಲು ಸಹಾಯಕರು ನೇಮಕಗೊಂಡರು. ವಾರಕ್ಕೆ ಇಷ್ಟು ಗಂಟೆಗಳ ಸಹಾಯವೆಂದು ಪತ್ರದಲ್ಲಿ ಬರೆದುಕೊಡುವ ಪದ್ಧತಿಯೂ ಬೆಳೆಯಿತು. ತಂದೆತಾಯಿಗಳು ಗಂಟೆಗಳನ್ನೆಣಿಸಿ ಹೋರಾಡಿದರು. ಅದು ಸಹಜವೇ ಸರಿ.

ಆದರೆ ಲಂಡನ್ನಿನ ಪೀಟರ್ ಬ್ಲಾಚ್‌ಫೋರ್ಡರೂ ಅವರ ಸಂಗಡಿಗರೂ ನಡೆಸಿ 2009ರಲ್ಲಿ ಪ್ರಕಟಿಸಿದ ಸಂಶೋಧನೆಯು ಎಲ್ಲರನ್ನೂ ಬೆರಗುಗೊಳಿಸಿತು. ಅಂತಹವೇ ತೊಂದರೆಗಳುಳ್ಳ ಮಕ್ಕಳನ್ನು ಹೋಲಿಸಿ ನೋಡಿದಾಗ, ಸಹಾಯಕರ ನೆರವನ್ನು ಹೆಚ್ಚಾಗಿ ಪಡೆದವರೇ ಓದಿನಲ್ಲಿ ಕಡಿಮೆ ಮುಂದುವರಿದಿದ್ದರು! ಇದು ಸಹಾಯಕರ ದೋಷವಲ್ಲ. ಸಹಾಯಕರು ಪಕ್ಕದಲ್ಲಿ ಕುಳಿತೊಡನೆ ಉಪಾಧ್ಯಾಯರು ಆ ಮಗುವಿನ ಕಡೆಗೆ ತಿರುಗುವುದು ಕಡಿಮೆಯಾಯಿತು. ಪಾಠವೇನೆಂದು ಮುಂಚಿತವಾಗಿ ತಿಳಿಯದ ಸಹಾಯಕರು ಲೆಕ್ಕವನ್ನು ಹೇಗಾದರೂ ಮುಗಿಸಿಕೊಡಲು ನೋಡಿದರು; ಮಗು ತಾನಾಗಿ ಯೋಚಿಸುವ ಅವಕಾಶ ತಪ್ಪಿತು. ಎಲ್ಲರಿಗಿಂತ ಕಷ್ಟದಿಂದ ಕಲಿಯುವ ಕೂಸು, ಎಲ್ಲರಿಗಿಂತ ಕಡಿಮೆ ತರಬೇತಿ ಪಡೆದವರ ವಶವಾಯಿತು. ಇದೆಂತಹ ವಿಪರೀತ ನ್ಯಾಯ!

ಭರತಖಂಡದ ಸಮಸ್ಯೆ ಬೇರೆ. ಇಲ್ಲಿ ಜನವೇ ಸಾಲದು. 2016ರ ವಿಕಲಚೇತನರ ಹಕ್ಕುಗಳ ಶಾಸನವು 21 ಬಗೆಯ ನ್ಯೂನತೆಗಳನ್ನು ಅಂಗೀಕರಿಸಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾತ್ಕಾಲಿಕ ಏರ್ಪಾಡಾಗಿ, ಇಂತಹ ಮಕ್ಕಳ ಸಂಖ್ಯೆಗೆ ತಕ್ಕಂತೆ ವಿಶೇಷ ಶಿಕ್ಷಕರಿರತಕ್ಕದ್ದೆಂದು ವಿಧಿಸಿತು. ಆದರೆ ಹಳ್ಳಿಯ ಶಾಲೆಯಲ್ಲಿ ಇರುವುದು ಅಂತಹ ಒಂದೆರಡು ಮಕ್ಕಳಷ್ಟೆ. ಆದುದರಿಂದ ಒಬ್ಬ ಶಿಕ್ಷಕರು ಹಲವು ಶಾಲೆಗಳನ್ನು ಸುತ್ತಬೇಕಾಗುತ್ತದೆ.

ಹೀಗಿರುವಲ್ಲಿ ಆಡಳಿತ ಮಂಡಲಿಯವರು ತಲೆಯೆಣಿಕೆಯೊಂದರಿಂದಲೇ ತೃಪ್ತರಾಗಬಾರದು. ಗಾಲಿಕುರ್ಚಿಯ ಮಗುವಿಗೆ ಶೌಚಕ್ಕೂ ಊಟಕ್ಕೂ ಕೈನೆರವು ಬೇಕು; ಅದಕ್ಕೆ ಅಕ್ಕರೆಯುಳ್ಳ ಆಯಾ ಸಾಕು, ಪಾಠದ ವೇಳೆ ಅವರು ದೂರ ನಿಂತರೂ ಬಾಧಕವಿಲ್ಲ. ಕಣ್ಣು ಕಾಣದ ಬಾಲಕನಿಗೆ ಬೇಕಾದುದು ಬ್ರೈಲ್ ಲಿಪಿ ಬಲ್ಲವರು. ಆ ಸ್ಥಾನವನ್ನು ಹತ್ತು ಆಯಾಗಳೂ ತುಂಬಲಾರರು. ನಿಧಾನವಾಗಿ ಕಲಿಯುವ ಬಾಲಿಕೆಯ ಪಕ್ಕದಲ್ಲಿ ಸ್ವತಃ ಉಪಾಧ್ಯಾಯರೇ ಕೂರಲಿ; ಆ ಹೊತ್ತಿನಲ್ಲಿ ಮಿಕ್ಕ ತರಗತಿಯನ್ನು ಸಹಾಯಕರು ನೋಡಿಕೊಳ್ಳಲಿ. ಇದಕ್ಕೆ ಹೊಸ ವೆಚ್ಚವೇನೂ ಇಲ್ಲ. ಬೆಳಗಿನ ಪ್ರಾರ್ಥನೆಗೆ ಮುಂಚೆ ಹದಿನೈದು ನಿಮಿಷ ಇಬ್ಬರೂ ಕೂಡಿ ದಿನದ ಪಾಠವನ್ನು ಗೊತ್ತುಮಾಡಿಕೊಳ್ಳುವಂತೆ ವೇಳಾಪಟ್ಟಿಯನ್ನು ತಿದ್ದಬೇಕು. ಸುತ್ತಿ ಬರುವ ವಿಶೇಷ ಶಿಕ್ಷಕರೂ ತಮ್ಮ ಹೊತ್ತಿನ ಅರ್ಧಭಾಗವನ್ನು ತರಗತಿಯ ಉಪಾಧ್ಯಾಯರಿಗೆ ಕಲಿಸುವುದಕ್ಕೆ ಮೀಸಲಿಡಲಿ. ಅವರು ಹೊರಟುಹೋದ ಮೇಲೆ ಉಳಿದ ದಿನಗಳೆಲ್ಲ ಆ ಮಗುವಿಗೆ ಪಾಠ ಹೇಳಬೇಕಾದವರು ಇವರೇ ಅಲ್ಲವೆ?