ಅಡುಗೆಮನೆಯ ಮೇಜಿನ ಮುಂದೆ ಹಾಡಿದ ಹಾಡು



ಆರ್ಚಿ ರೋಚ್ ಅನ್ನೋ ಹಾಡುಗಾರನ ವಿಷಯ ಇವತ್ತು ನಿಮ್ಮ ಮುಂದೆ ಇಡ್ತೀವಿ. ಆಸ್ಟ್ರೇಲಿಯಾದ ಮೂಲನಿವಾಸಿ. 1956ರಲ್ಲಿ ಹುಟ್ಟಿದವನು, 2022ರ ಜುಲೈನಲ್ಲಿ ತೀರಿಕೊಂಡ. ಆ ದೇಶದ ಬಿಳಿಯರ ಸರ್ಕಾರಗಳು ಹೆಚ್ಚೂಕಡಿಮೆ 1910ರಿಂದ 1970ರವರೆಗೆ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರ ಮಡಿಲಿಂದ ಕಿತ್ತು ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಸಾಗಿಸಿದವು. ಉದ್ಧಾರ ಮಾಡ್ತೀವಿ ಅನ್ನೋದು ನೆಪ. ಉದ್ಧಾರ ಅನ್ನೋ ಮಾತು ನಮ್ಮ ಕಿವಿಗೂ ಹೊಸದಲ್ಲ.

ವಿಕ್ಟೋರಿಯಾ ಪ್ರಾಂತ್ಯದ ಫ್ರಾಮ್ಲಿಂಗ್‌ಹ್ಯಾಮ್‌ನಿಂದ ಆರ್ಚಿಯನ್ನು ಒಯ್ದಾಗ ಅವನು ಎಳೆಮಗು. ನಿನ್ನವರು ಯಾರೂ ಉಳಿದಿಲ್ಲ ಅಂತ ನಂಬಿಸಿದ್ದರು. ಹದಿಹರೆಯದಲ್ಲಿ ಅಕ್ಕನ ಕಾಗದ ಬಂತು, ಅಮ್ಮ ತೀರಿಕೊಂಡಳು ಅಂತ. ಅಮ್ಮ ಇಷ್ಟು ದಿನ ಬದುಕಿದ್ದಳು ಅನ್ನೋದು ಅವಳ ಸಾವಿನ ಸುದ್ದಿಯಿಂದಲೇ ತಿಳೀತು! ಮನೆ ಬಿಟ್ಟ. ಬೀದಿ, ಕುಡಿತ, ಜೈಲು ಎಲ್ಲ ಕಂಡ. ಅವನಂತೆಯೇ ಕಿತ್ತೊಯ್ದ ಮಗುವಾಗಿದ್ದ ರೂಬಿ ಹಂಟರ್ ಜೊತೆಯಾದಳು.

ಈ ನೋವನ್ನೇ 'ಟುಕ್ ದ ಚಿಲ್ಡ್ರನ್ ಅವೇ' ಅಂತ ಹಾಡು ಕಟ್ಟಿದ. ಪಾಲ್ ಕೆಲ್ಲಿ ಎಂಬ ಹೆಸರುವಾಸಿ ಗಾಯಕನ ಕಚೇರಿಗೆ ಮುಂಚೆ ಮೆಲ್ಬರ್ನಿನ ದೊಡ್ಡ ಸಭಾಂಗಣದಲ್ಲಿ ಹಾಡಿದಾಗ ಜನ ಗಪ್‌ಚಿಪ್. ಹಿಡಿಸಲಿಲ್ಲ ಅಂದ್ಕೊಂಡು ಇಳಿದು ಹೋಗ್ತಿದ್ದ. ಆಗ ಒಂದೊಂದೇ ಚಪ್ಪಾಳೆ ಶುರುವಾಗಿ ಇಡೀ ಸಭಾಂಗಣ ತುಂಬಿತು. 1990ರಲ್ಲಿ 'ಚಾರ್ಕೋಲ್ ಲೇನ್' ರೆಕಾರ್ಡು ಬಂತು. ಇದ್ದಿಲ ಓಣಿ ಅಂತ ಅರ್ಥ; ಅವನ ಜನ ಕೂಡ್ತಿದ್ದ ಮೆಲ್ಬರ್ನಿನ ಓಣಿ ಅದು. ಮೊದಲು ಅವನು ರೆಕಾರ್ಡು ಬೇಡ ಅಂದಿದ್ದ. ಇದು ನಿನ್ನೊಬ್ಬನ ಮಾತಲ್ಲ ಅಂತ ಒಪ್ಪಿಸಿದ್ದು ರೂಬಿ. ಹೆಂಗಸರ ಈ ಪಾಲನ್ನ ನಮ್ಮ ಸಭೆಗಳಲ್ಲೂ ಯಾರೂ ಹೇಳೋದಿಲ್ಲ.

ಮೂವತ್ತು ವರ್ಷದ ಮೇಲೆ, 2020ರ ಕೊರೋನಾ ಕಾಲದಲ್ಲಿ, ಅವೇ ಹಾಡುಗಳನ್ನು ಮತ್ತೆ ಹಾಡಿದ. ಸ್ಟುಡಿಯೋ ಇಲ್ಲ. ತಾಯಿಯ ನೆಲದಲ್ಲೇ ಇದ್ದ ತನ್ನ ಮನೆಯ ಅಡುಗೆಮನೆ ಮೇಜು. ಗಿಟಾರಿಗೆ ಸ್ಟೀಫನ್ ಮ್ಯಾಗ್ನುಸನ್, ಬಾಸಿಗೆ ಸ್ಯಾಮ್ ಆನಿಂಗ್, ಅಷ್ಟೆ. ರೂಬಿ 2010ರಲ್ಲೇ ತೀರಿಕೊಂಡಿದ್ದಳು. ಅದೇ ವರ್ಷ ಅವನಿಗೆ ಪಾರ್ಶ್ವವಾಯು, ಆಮೇಲೆ ಕ್ಯಾನ್ಸರಿನಿಂದ ಶ್ವಾಸಕೋಶದ ಒಂದು ಭಾಗವನ್ನೇ ತೆಗೆದಿದ್ದರು.

ಹಳೇದನ್ನ ಮತ್ತೆ ಮಾರೋದು ಕಂಪನಿಯವರ ವ್ಯಾಪಾರ ಅಂತ ನಮ್ಮಲ್ಲೇ ಕೆಲವರು ವಾದ ಮಾಡಿದರು. ವ್ಯಾಪಾರ ಇದ್ದೇ ಇರುತ್ತೆ, ನಾವು ಇಲ್ಲ ಅನ್ನೋಲ್ಲ. ಆದರೆ 1990ರಲ್ಲಿ ಈ ಹಾಡು ಒಬ್ಬನ ದೂರು. 1997ರಲ್ಲಿ ಸರ್ಕಾರಿ ವಿಚಾರಣೆಯ ವರದಿಯೇ ಅದನ್ನ ನಿಜ ಅಂತು. 2008ರ ಫೆಬ್ರವರಿ 13ರಂದು ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆದರೂ ಇವತ್ತಿಗೂ ಅಲ್ಲಿ ಮನೆಯಿಂದ ಬೇರೆ ಮಾಡೋ ಮಕ್ಕಳಲ್ಲಿ ಮೂಲನಿವಾಸಿಗಳ ಮಕ್ಕಳು ಅವರ ಜನಸಂಖ್ಯೆಯ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕ್ಷಮೆ ಕೇಳಿದ ಮೇಲೂ ಹಾಡಬೇಕಾಗಿ ಬಂದ ಹಾಡನ್ನ ಹಳೇದು ಅನ್ನೋದು ಹೆಂಗೆ? ದನಿ ಕುಗ್ಗಿದೆ, ಉಸಿರು ಸಾಲದು. ನಮಗೆ ಆ ಎರಡನೇ ಹಾಡೇ ಹೆಚ್ಚು ತಟ್ಟಿತು.

ಸತ್ತವರ ಹೆಸರು ಹೇಳಬಾರದು ಅನ್ನೋ ಪದ್ಧತಿ ಆ ಜನರಲ್ಲಿದೆ. ಆದರೆ ಅವನ ಹೆಸರು ಹೇಳಬಹುದು ಅಂತ ಮಕ್ಕಳೇ ಒಪ್ಪಿಗೆ ಕೊಟ್ಟರು. ಅದಕ್ಕೇ ಇವತ್ತು ನಾವು ಹೇಳಿದೆವು. ಈಗ ಮೊದಲು 1990ರದ್ದು, ಆಮೇಲೆ 2020ರದ್ದು ಹಾಕ್ತೀವಿ, ಕೂತು ಕೇಳಿ.