ಒರೆಸದ ಸ್ಲೇಟು

(ಶತಮಾನೋತ್ಸವದ ಹಿರಿಯ ವಿದ್ಯಾರ್ಥಿ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಇಂತಹ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಚರಿತ್ರೆಯನ್ನು ಹೇಳಬೇಕೆಂಬುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಲ್ಲಿ ಈಗಾಗಲೇ ಮಾಡಿದ್ದಾರೆ. ನಾನು ಒಂದು ತಪ್ಪನ್ನು ಕುರಿತು ಮಾತನಾಡಬಯಸುತ್ತೇನೆ. ಆ ತಪ್ಪು ನನ್ನದು. ಅದು ನನಗೆ ಅರ್ಥವಾದದ್ದು ಬ್ಯಾಂಕುಗಳ ಬೃಹತ್ ಗಣಕಯಂತ್ರಗಳ ವಿಚಾರವನ್ನು ಕೇಳಿದ ಮೇಲೆ. ಆದಕಾರಣ ಅದನ್ನೂ ತುಸು ವಿವರವಾಗಿ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಂಪ್ಯೂಟರ್ ಕೊಠಡಿಯ ಯಂತ್ರಗಳಿಗೆ ಹೊಸ ಆವೃತ್ತಿಯ ಆಪರೇಟಿಂಗ್ ಸಿಸ್ಟಮ್ ಅಳವಡಿಸಲಾಯಿತು. ನಾನು ಸಹಶಿಕ್ಷಕಿಯಾಗಿದ್ದಾಗ ಸಿದ್ಧಪಡಿಸಿದ್ದ ಅಂಕಪಟ್ಟಿಯ ಕೋಷ್ಟಕವೊಂದು ಅದುವರೆಗೆ ಹತ್ತು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿತ್ತು. ಮರುದಿನ ಅದನ್ನು ತೆರೆದರೆ, ಕೆಲವು ಮಕ್ಕಳ ಸರಾಸರಿಯ ಸ್ಥಾನದಲ್ಲಿ ಅಂಕಿಗೆ ಬದಲಾಗಿ ದೋಷಸೂಚನೆ ಕಾಣಿಸಿತು. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಕಿರಿಯ ಅಧ್ಯಾಪಕರನ್ನು ಕರೆದು, ಎಲ್ಲರೆದುರಿಗೆ, "ಸರಿಯಾಗಿ ನಡೆಯುತ್ತಿದ್ದುದನ್ನು ಕೆಡಿಸಿದಿರಿ. ಹಳೆಯದನ್ನೇ ಹಾಕಿಕೊಡಿ" ಎಂದುಬಿಟ್ಟೆ. ಅವರು ಎದುರುತ್ತರ ಕೊಡಲಿಲ್ಲ.

ಅದೇ ವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಕುಳಿತು ಮೇನ್‌ಫ್ರೇಮ್ ಯಂತ್ರಗಳ ಹಳೆಯ ಪ್ರೋಗ್ರಾಂಗಳನ್ನು ಕಾಯುವುದು ಅವಳ ಉದ್ಯೋಗ. ನನ್ನ ದೂರನ್ನು ಕೇಳಿ ನಕ್ಕು, "ಟೀಚರ್, ನಿನ್ನೆಯವರೆಗೆ ಸರಿಯಾಗಿತ್ತು ಎಂಬ ಮಾತನ್ನು ನಾವು ಪ್ರತಿ ಸಲವೂ ಕೇಳುತ್ತೇವೆ. ನಮ್ಮ ಹುಡುಕಾಟ ಆ ಮಾತಿನಿಂದಲೇ ಆರಂಭವಾಗುತ್ತದೆ" ಎಂದಳು.

ಅವಳಿಂದ ತಿಳಿದದ್ದನ್ನೂ ಅನಂತರ ನಾನು ಓದಿಕೊಂಡದ್ದನ್ನೂ ಸಂಗ್ರಹವಾಗಿ ಹೇಳುತ್ತೇನೆ. 1964ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಸಿಸ್ಟಮ್/360 ಎಂಬ ಯಂತ್ರಶ್ರೇಣಿಯನ್ನು ಪ್ರಕಟಿಸಿತು. ಒಂದು ಯಂತ್ರಕ್ಕಾಗಿ ಬರೆದ ಪ್ರೋಗ್ರಾಂ ಆ ಶ್ರೇಣಿಯ ಇನ್ನೊಂದರಲ್ಲಿಯೂ ನಡೆಯಬೇಕೆಂಬುದು ಅದರ ಮೂಲತತ್ತ್ವ. ಆ ಪರಂಪರೆ ಇಂದಿಗೂ ಮುಂದುವರಿದಿದೆ. ಹೀಗಾಗಿ ದಶಕಗಳ ಹಿಂದೆ ಕೋಬಾಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಬ್ಯಾಂಕು, ವಿಮೆ, ಸರಕಾರಿ ಇಲಾಖೆಗಳಲ್ಲಿ ಇನ್ನೂ ದುಡಿಯುತ್ತಿವೆ. ಬರೆದವರು ನಿವೃತ್ತರಾಗಿದ್ದಾರೆ, ಬರಹ ಮಾತ್ರ ಉಳಿದಿದೆ.

ಪ್ರೋಗ್ರಾಂ ಮಾಡಬಾರದ್ದನ್ನು ಮಾಡಹೊರಟರೆ ಯಂತ್ರವು ಅದನ್ನು ತಡೆದು ನಿಲ್ಲಿಸುತ್ತದೆ. ಇದಕ್ಕೆ ಅಬೆಂಡ್ ಎಂದು ಹೆಸರು. ನಿಲ್ಲಿಸುವಾಗ ಒಂದು ಸಂಕೇತವನ್ನೂ ಕೊಡುತ್ತದೆ. ಎಸ್0ಸಿ7 ಎಂದರೆ, ಲೆಕ್ಕಕ್ಕೆ ಬೇಕಾದ ಅಂಕಿಯ ಸ್ಥಾನದಲ್ಲಿ ಅಂಕಿಯಲ್ಲದ್ದು ಕುಳಿತಿದೆ ಎಂದರ್ಥ. ಎಸ್0ಸಿ4 ಎಂದರೆ, ತನಗೆ ಸೇರದ ಸ್ಮೃತಿಭಾಗಕ್ಕೆ ಪ್ರೋಗ್ರಾಂ ಕೈಚಾಚಿದೆ ಎಂದರ್ಥ. ಜೊತೆಗೆ ಆ ಕ್ಷಣದ ಸ್ಮೃತಿಯ ಪೂರ್ಣ ಚಿತ್ರವಾದ ಡಂಪ್ ಸಿಗುತ್ತದೆ. ಬಲ್ಲವರು ಮೊದಲು ಸಂಕೇತವನ್ನು ಓದುತ್ತಾರೆ. ಯಾವ ಆದೇಶದ ಬಳಿ ಕೆಲಸ ನಿಂತಿತೆಂಬ ವಿಳಾಸವನ್ನು ಡಂಪಿನಲ್ಲಿ ಹುಡುಕುತ್ತಾರೆ. ಪ್ರೋಗ್ರಾಂ ಸಿದ್ಧವಾದಾಗಿನ ಮುದ್ರಿತ ಪಟ್ಟಿಯೊಡನೆ ಹೋಲಿಸಿ ಸಾಲನ್ನು ಗುರುತಿಸುತ್ತಾರೆ. ಆ ಗಳಿಗೆಯಲ್ಲಿ ಅಲ್ಲಿದ್ದ ಬೆಲೆ ಏನೆಂದು ನೋಡುತ್ತಾರೆ. ಆ ಬೆಲೆ ಎಲ್ಲಿಂದ ಬಂತೆಂದು ಹಿಂದೆ ಹಿಂದೆ ಸಾಗುತ್ತಾರೆ. ಏಕೆಂದರೆ, ಎಡವಿದ ಜಾಗದಲ್ಲೇ ತಪ್ಪು ಇರಬೇಕೆಂದಿಲ್ಲ.

ಹಾಗೆ ಹಿಂದೆ ಸಾಗಿದಾಗ ಸಿಗುವ ಕಾರಣಗಳಲ್ಲಿ ಒಂದನ್ನು ನಮ್ಮ ಶಾಲೆಯ ಮಾತಿನಲ್ಲಿಯೇ ಹೇಳುತ್ತೇನೆ. ಕಪಾಟಿನಲ್ಲಿ ಸ್ಲೇಟುಗಳಿವೆ. ಬೆಳಿಗ್ಗೆ ಮೊದಲು ಬಂದ ಹುಡುಗನಿಗೆ ಯಾವಾಗಲೂ ಒರೆಸಿದ ಸ್ಲೇಟೇ ಸಿಗುತ್ತಿತ್ತು. ಆದ್ದರಿಂದ ಅವನು ಒರೆಸುವುದನ್ನು ಕಲಿಯಲೇ ಇಲ್ಲ. ಒಂದು ದಿನ ಕಪಾಟಿನ ಜೋಡಣೆ ಬದಲಾಯಿತು. ಬೇರೆಯವನ ಲೆಕ್ಕವಿದ್ದ ಸ್ಲೇಟು ಕೈಗೆ ಬಂತು. ಅದರ ಮೇಲೆಯೇ ಕೂಡಿಸಿದ, ಉತ್ತರ ಕೆಟ್ಟಿತು. ಗಣಕಯಂತ್ರದ ಸ್ಮೃತಿಯೂ ಹೀಗೆಯೇ. ಕೇಳಿ ಪಡೆದ ಸ್ಮೃತಿಯಲ್ಲಿ ಸೊನ್ನೆಯೇ ಇರುತ್ತದೆಂದು ಕೈಪಿಡಿ ಎಲ್ಲ ಸಂದರ್ಭಗಳಿಗೂ ಭರವಸೆ ಕೊಟ್ಟಿರುವುದಿಲ್ಲ. ಆದರೂ ವರ್ಷಗಟ್ಟಲೆ ಸೊನ್ನೆ ಸಿಕ್ಕಿದ್ದರಿಂದ ಬರೆದವರು ಅದನ್ನು ನಂಬಿಬಿಟ್ಟಿರುತ್ತಾರೆ. 2008ರಲ್ಲಿ ಬಂದ ಝಡ್/ಓಎಸ್ 1.10 ಆವೃತ್ತಿಯಲ್ಲಿ ಐಬಿಎಂ ಸ್ಮೃತಿಯನ್ನು ಹಂಚಿಕೊಡುವ ಕ್ರಮವನ್ನು ವೇಗದ ಸಲುವಾಗಿ ಮಾರ್ಪಡಿಸಿತು. ಹಳೆಯ ರೂಢಿಯನ್ನು ನಂಬಿದ ಪ್ರೋಗ್ರಾಂಗಳು ಇದರಿಂದ ಎಡವಬಹುದೆಂದು ತಿಳಿದು, ಹಿಂದಿನ ಕ್ರಮವನ್ನೇ ಉಳಿಸಿಕೊಳ್ಳುವ ಒಂದು ಆಯ್ಕೆಯನ್ನೂ ಇಟ್ಟಿತು. ಆ ಆಯ್ಕೆಯ ಹೆಸರಿನ ಅರ್ಥವೇ '1.9ರ ನಿಯಮಗಳನ್ನು ಬಳಸು' ಎಂದು. ತಿದ್ದಿಕೊಳ್ಳಲು ಅದು ಕಾಲಾವಕಾಶ ಕೊಡುತ್ತದೆ. ತಪ್ಪು ಮಾತ್ರ ಪ್ರೋಗ್ರಾಮಿನೊಳಗೆ ಹಾಗೆಯೇ ಇರುತ್ತದೆ.

ಇದನ್ನು ಕೇಳಿದ ಮೇಲೆ ನಾವು ಮೂವರೂ ನನ್ನ ಕೋಷ್ಟಕದ ಮುಂದೆ ಕುಳಿತೆವು. ದೋಷಸೂಚನೆ ಬಂದ ಸಾಲುಗಳಲ್ಲೆಲ್ಲ ಒಂದು ಸಾಮ್ಯವಿತ್ತು: ಒಂದಲ್ಲ ಒಂದು ಪರೀಕ್ಷೆಗೆ ಆ ಮಗು ಗೈರುಹಾಜರಾಗಿತ್ತು; ಅಂಕದ ಮನೆಯಲ್ಲಿ ನಾನು 'ಗೈ' ಎಂದು ಬರೆಯುವ ಪದ್ಧತಿ ಇಟ್ಟಿದ್ದೆ. ಹಳೆಯ ವ್ಯವಸ್ಥೆ ಆ ಅಕ್ಷರವನ್ನು ಮೌನವಾಗಿ ಸೊನ್ನೆಯೆಂದು ಎಣಿಸಿ, ಮೊತ್ತವನ್ನು ಮೂರರಿಂದ ಭಾಗಿಸುತ್ತಿತ್ತು. ಜ್ವರದಿಂದ ಒಂದು ಪರೀಕ್ಷೆ ತಪ್ಪಿಸಿಕೊಂಡು ಉಳಿದೆರಡರಲ್ಲಿ 60, 60 ಪಡೆದ ಮಗುವಿಗೆ ಸರಾಸರಿ 60ರ ಬದಲು 40 ಬರುತ್ತಿತ್ತು. ಹೊಸ ವ್ಯವಸ್ಥೆ, 'ಇದು ಅಂಕಿಯಲ್ಲ, ನಾನು ಕೂಡಿಸಲಾರೆ' ಎಂದಿತು. ಅದು ಕೆಟ್ಟಿರಲಿಲ್ಲ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಸತ್ಯವನ್ನು ಹೇಳಿತ್ತು.

ಬಂಧುಗಳೇ, ಕೆಲಸ ನಿಂತುಹೋಗುವುದು ಕಷ್ಟ. ತಪ್ಪಾಗಿಯೇ ನಡೆಯುತ್ತಿರುವುದು ಅದಕ್ಕಿಂತ ದೊಡ್ಡ ಕಷ್ಟ. ನಿಂತಾಗ ಕನಿಷ್ಠ ನಾವು ಕಾರಣವನ್ನು ಕೇಳುತ್ತೇವೆ.

'ಹಳೆಯದನ್ನೇ ಹಾಕಿಕೊಡಿ' ಎಂಬ ಆತುರದ ಬೆಲೆಗೂ ಒಂದು ನಿದರ್ಶನವಿದೆ. 2012ರ ಜೂನ್ 17ರಂದು ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ, ರಾತ್ರಿಯ ಲೆಕ್ಕಗಳನ್ನು ಸರದಿಯಂತೆ ನಡೆಸುವ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿದರು. ತೊಡಕು ಕಂಡಿತು. ಪರಿಣಾಮವನ್ನು ಪರೀಕ್ಷಿಸದೆ ಹೊಸದನ್ನು ತೆಗೆದುಹಾಕಿದರು. ಹೊಸ ಆವೃತ್ತಿಗೂ ಹಳೆಯದಕ್ಕೂ ಹೊಂದಾಣಿಕೆಯಿರಲಿಲ್ಲ. ಬ್ರಿಟನ್ನಿನಲ್ಲಿ 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ತೊಂದರೆಗೊಳಗಾದರು. ಅದು ವಾರಗಳವರೆಗೆ ಮುಂದುವರಿಯಿತು. 2014ರಲ್ಲಿ ನಿಯಂತ್ರಕ ಸಂಸ್ಥೆಗಳು ಒಟ್ಟು 5.6 ಕೋಟಿ ಪೌಂಡುಗಳ ದಂಡ ವಿಧಿಸಿದವು. ಹಿಂದಿರುಗುವ ದಾರಿಯನ್ನೂ ಮೊದಲೇ ನಡೆದು ನೋಡಿರಬೇಕು.

ಶಾಲೆಯನ್ನು ಕುರಿತು ಒಂದೇ ಮಾತು. ಈ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮೇಲಿನ ವ್ಯವಸ್ಥೆ ಬದಲಾಯಿತು. ಆಗಲೂ ಅನಂತರವೂ ನಮಗಾದ ತೊಂದರೆಗಳೆಲ್ಲ ಹೊಸದರಿಂದಲೇ ಬಂದವೆಂದು ಹೇಳುವುದು ಸುಲಭ. ಕೆಲವು ಹಾಗೆ ಬಂದವು ಕೂಡ. ಆದರೆ ಮನೆಯಲ್ಲಿ ನಾವು ಓದಿಸದಿದ್ದರೂ ಕನ್ನಡ ತಾನಾಗಿ ಉಳಿಯುತ್ತದೆಂಬ ನಂಬಿಕೆ ನಮ್ಮದೇ ಒರೆಸದ ಸ್ಲೇಟು. ಅದನ್ನು ಯಾವ ಸರಕಾರವೂ ನಮಗೆ ಬರೆದುಕೊಟ್ಟಿರಲಿಲ್ಲ.

ಕೊನೆಯದಾಗಿ ಎರಡು ಕರ್ತವ್ಯಗಳು. ಆ ಕಿರಿಯ ಅಧ್ಯಾಪಕರಲ್ಲಿ ಅಂದು ಕೊಠಡಿಯೊಳಗೆ ಕ್ಷಮೆ ಕೇಳಿದ್ದೆ. ದೂರಿದ್ದು ಎಲ್ಲರೆದುರಿಗಾದ್ದರಿಂದ ಇಂದು ಎಲ್ಲರೆದುರಿಗೇ ಕೇಳುತ್ತೇನೆ. ಆ ವರ್ಷಗಳ ಅಂಕಪಟ್ಟಿಗಳನ್ನು ನಾವಿಬ್ಬರೂ ಮತ್ತೆ ಲೆಕ್ಕ ಹಾಕಿ ತಿದ್ದಿದ್ದೇವೆ, ದಾಖಲೆ ಕಚೇರಿಯಲ್ಲಿದೆ. ಆಗ ಕಾಯಿಲೆಯಿಂದ ಪರೀಕ್ಷೆ ತಪ್ಪಿಸಿಕೊಂಡು, 'ನಿನ್ನ ಅಂಕ ಕುಸಿದಿದೆ' ಎಂದು ನನ್ನಿಂದ ಬೈಸಿಕೊಂಡವರು ಈ ಸಭೆಯಲ್ಲಿದ್ದರೆ, ದಯವಿಟ್ಟು ಬಂದು ನಿಮ್ಮ ನಿಜವಾದ ಅಂಕವನ್ನು ನೋಡಿಕೊಂಡು ಹೋಗಿ. ತಡವಾದುದಕ್ಕೆ ನಿಮ್ಮ ಟೀಚರನ್ನು ಮನ್ನಿಸಿ.