ಮನೆಗೆಲಸದ ಜಮಾ-ಖರ್ಚು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಕಸಬರಿಗೆ, ಹಂಡೆ, ತಂಬಿಗೆಗಳ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಪಂಪ-ರನ್ನರನ್ನು ಕುರಿತು ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅವರು ಹೇಳಿಯೂ ಆಯಿತು. ನಾವಾದರೋ ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ನಮಗೆ ತಿಳಿದದ್ದು ಜಮಾ ಮತ್ತು ಖರ್ಚು ಎಂಬ ಎರಡು ಅಂಕಣಗಳು ಮಾತ್ರ. ಆದುದರಿಂದ ಮನೆಗೆಲಸವನ್ನೇ ಒಂದು ಖಾತೆಯೆಂದು ಎಣಿಸಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ನಾವು ಬೀದರ ಜಿಲ್ಲೆಯವರು; ನಮ್ಮ ಮನೆಯವರು ಧಾರವಾಡದ ಕಡೆಯವರು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಅಜ್ಜನವರೂ ಔರಂಗಾಬಾದಿನವರೂ ಒಂದೇ ಹೈದರಾಬಾದ್ ರಾಜ್ಯದವರು. ಧಾರವಾಡದವರೂ ನಾಸಿಕದವರೂ ಒಂದೇ ಮುಂಬಯಿ ರಾಜ್ಯದವರು. ಹೀಗಾಗಿ ಇಲ್ಲಿಯ ಅಡಿಗೆಮನೆ ನಮಗೆ ಪರಕೀಯವೆನಿಸಲಿಲ್ಲ. ನಮ್ಮ ಜೋಳದ ರೊಟ್ಟಿ ಇಲ್ಲಿ ಭಾಕರಿ, ನಮ್ಮ ಸಂಡಿಗೆ ಇಲ್ಲಿ ಸಾಂಡಗೆ. ಪಾತ್ರೆ ತೊಳೆಯಲು ಬರುವ ಮಾವಶಿ ನಮ್ಮ ಮನೆಯವರನ್ನು ‘ತಾಈ’ ಎಂದು ಕರೆದಾಗ, ಊರಿನಿಂದ ಬಂದಿದ್ದ ನಮ್ಮ ತಾಯಿಯವರು, “ನಿನಗಿಂತ ಹಿರಿಯಾಕಿ, ನಿನ್ನ ತಾಯಿ ಅಂತಾಳಲ್ಲ!” ಎಂದು ಬೆರಗಾದರು. ಮರಾಠಿಯಲ್ಲಿ ಅದು ಅಕ್ಕ ಎಂದು ಬಿಡಿಸಿ ಹೇಳಬೇಕಾಯಿತು.

2019ರಿಂದ ನಾಲ್ಕು ವರ್ಷ ನಾವು ಸಂಭಾಜಿನಗರದಲ್ಲಿ, ಅಂದರೆ ಆಗಿನ ಔರಂಗಾಬಾದಿನಲ್ಲಿ, ಸಿಡ್ಕೋ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿದ್ದು ಬಂದವರಿಗೆ ನೀರಿನ ವಿಷಯ ಹೇಳಬೇಕಾಗಿಲ್ಲ. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ, ಬೇಸಗೆಯಲ್ಲಿ ಇನ್ನೂ ತಡವಾಗಿ, ನಳ ಬರುತ್ತಿತ್ತು. ಅದೂ ಕೆಲವು ಸಲ ನಸುಕಿನ ಮೂರು ಗಂಟೆಗೆ. “ನೀರು ಬಂದಾವ, ಏಳ್ರಿ!” ಎಂಬ ಕೂಗು ಕೇಳಿದೊಡನೆ ಮನೆಯೆಲ್ಲ ಎದ್ದು ನಿಲ್ಲುತ್ತಿತ್ತು. ಮೊದಲು ಕುಡಿಯುವ ನೀರಿನ ಕೊಡಗಳು, ಬಾಯಿಗೆ ಬಿಳಿ ಅರಿವೆ ಕಟ್ಟಿ; ಆಮೇಲೆ ಅಡಿಗೆಯ ಹಂಡೆ; ಆಮೇಲೆ ಮೋರಿಯ ನೀಲಿ ಡ್ರಮ್ಮು; ಕೊನೆಗೆ ಬಕೆಟ್ಟು, ಡಬ್ಬಿ, ಪಾತೇಲಿ, ಕೈಗೆ ಸಿಕ್ಕಿದ್ದೆಲ್ಲ. ಪೈಪು ಹಿಡಿಯುವುದು ನಮ್ಮ ಪಾಲು. “ತುಂಬಿತು!” ಎಂದು ಕೂಗುವುದು ಏಳು ವರ್ಷದ ಮಗಳ ಪಾಲು. ನಾಲ್ಕು ವರ್ಷದ ಮಗನಿಗೆ ಮುಚ್ಚಳ ಮುಚ್ಚುವ ಅಧಿಕಾರ. ಅದನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಬಟ್ಟೆ ಒಗೆಯುವುದೂ ಅಂದೇ. ಬಟ್ಟೆ ಜಾಲಿಸಿದ ಕೊನೆಯ ನೀರಿನಿಂದ ನೆಲ ಒರಸುವುದು, ಅಕ್ಕಿ ತೊಳೆದ ನೀರು ತುಳಸಿಗೆ. ಗಂಡಸರು ಕೈಕಟ್ಟಿ ಕೂಡುವಂತಿರಲಿಲ್ಲ. ಕೂತರೆ ಡ್ರಮ್ಮು ಅರ್ಧಕ್ಕೇ ಉಳಿಯುತ್ತಿತ್ತು. ಅಂದು ನಾವೂ ಹಿಂಡಿದೆವು, ಒರಸಿದೆವು. ‘ಸೋಸು’, ‘ಬಸಿ’, ‘ಬಗ್ಗಿಸು’, ‘ಜಾಲಿಸು’, ‘ಹಿಂಡು’ ಈ ಮಾತುಗಳನ್ನು ನಮ್ಮ ಮಕ್ಕಳು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಮೋರಿಯಲ್ಲಿ.

ಊರಿನಿಂದ ಬಂದವರನ್ನು ಪನ್‌ಚಕ್ಕಿಗೆ ಕರೆದೊಯ್ಯುತ್ತಿದ್ದೆವು. ಸುಮಾರು ಮುನ್ನೂರು ವರ್ಷದ ಹಿಂದೆ ದೂರದ ಬುಗ್ಗೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದು, ಅದರ ರಭಸದಿಂದ ಬೀಸುವ ಕಲ್ಲು ತಿರುಗಿಸಿ, ದರ್ಗಾಕ್ಕೆ ಬಂದವರಿಗೆ ಹಿಟ್ಟು ಮಾಡುತ್ತಿದ್ದ ಸ್ಥಳವದು. ನಮ್ಮ ತಾಯಿಯವರು ಬಹಳ ಹೊತ್ತು ನಿಂತು ನೋಡಿ, “ಬೀಸೂ ಕೆಲಸಾ ನೀರಿಗೆ ಹಚ್ಚ್ಯಾರ. ಪುಣ್ಯವಂತ್ರು” ಎಂದರು. ಎಳೆತನದಲ್ಲಿ ಬೆಳಗಿನ ಜಾವ ಜೋಳ ಬೀಸಿದ ಕೈ ಅವರದು.

2023ರ ಜೂನಿನಲ್ಲಿ ನಮಗೆ ನಾಸಿಕಕ್ಕೆ ವರ್ಗವಾಯಿತು. ಎರಡೂ ಊರಿಗೆ ನದಿ ಒಂದೇ, ಗೋದಾವರಿ. ಗಂಗಾಪುರದ ಅಣೆಕಟ್ಟು ನಾಸಿಕದ ಮೇಲ್ಗಡೆ. 1976ರಲ್ಲಿ ಮುಗಿದ ಜಾಯಕವಾಡಿ ಕೆಳಗೆ ಪೈಠಣದಲ್ಲಿ. ಆ ವರ್ಷವೇ ನವೆಂಬರಿನಲ್ಲಿ ಮೇಲಿನ ಅಣೆಕಟ್ಟುಗಳಿಂದ ಜಾಯಕವಾಡಿಗೆ ನೀರು ಬಿಟ್ಟಾಗ ಇಲ್ಲಿ ಗದ್ದಲವಾಯಿತು. ಕಾವೇರಿಯ ಮಾತು ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ನಾವು ಮಾತ್ರ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಸುಮ್ಮನಿದ್ದೆವು.

ನಾಸಿಕ ರಸ್ತೆಯ ನಮ್ಮ ಮನೆಗೆ ದಿನವೂ ಬೆಳಿಗ್ಗೆ ನೀರು. ಸಾಲ ಮಾಡಿ ಬಟ್ಟೆ ಒಗೆಯುವ ಯಂತ್ರವನ್ನೂ ತಂದೆವು. ಮನೆಗೆಲಸದ ಕಾಟ ತೀರಿತೆಂದುಕೊಂಡು ನಾವು ಪತ್ರಿಕೆ ಹಿಡಿದು ಕುರ್ಚಿಗೆ ಮರಳಿದೆವು. ಹೀಗೆ ಮಾಡಬೇಕೆಂದು ಯಾರೂ ನಿರ್ಧರಿಸಲಿಲ್ಲ. ಕರೆಯುವ ಕೂಗು ನಿಂತಿತು, ಅಷ್ಟೇ.

ಸಂಭಾಜಿನಗರದಲ್ಲಿ ನಮ್ಮ ಮನೆಯವರು ರವಿವಾರ ಹತ್ತಾರು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದರು. ಇಲ್ಲಿಯೂ ಅಂಥದೊಂದು ತರಗತಿ ನಡೆಸಿರೆಂದು ಸಂಘದ ಹಿರಿಯರು ಕೇಳಿದಾಗ ಅವರು ವೇಳೆಯಿಲ್ಲ ಎಂದುಬಿಟ್ಟರು. ನಮಗೆ ಆಶ್ಚರ್ಯ. ರಾತ್ರಿ, “ಈಗ ದಿನಾ ನೀರು ಬರುತ್ತದೆ, ವೇಳೆ ಏಕಿಲ್ಲ?” ಎಂದು ಕೇಳಿದೆವು.

“ನೀರು ದಿನಾ ಬರ್ತಾವ್ರಿ. ನೀವು ಬರೂದಿಲ್ಲ” ಎಂದು ಅವರು ದೀಪ ಆರಿಸಿದರು.

ಮರುದಿನ ನಾವು ಒಂದು ನೋಟುಬುಕ್ಕು ತೆಗೆದು ಒಂದು ವಾರ ಲೆಕ್ಕ ಬರೆದೆವು. ದಿನವೊಂದಕ್ಕೆ ಅವರ ಹೆಸರಿನಲ್ಲಿ 6 ಗಂಟೆಗೆ ಮೇಲೆ. ನಮ್ಮ ಹೆಸರಿನಲ್ಲಿ 25 ನಿಮಿಷ, ಅದೂ ಹೆಚ್ಚಾಗಿ ಹಾಲು ತಂದದ್ದು. ನಾವೊಬ್ಬರೇ ಹೀಗೋ ಎಂದು ನೋಡಿದರೆ, ಕೇಂದ್ರ ಸರಕಾರದವರು 2019ರಲ್ಲಿ ಜನರ ದಿನಚರಿಯ ಸಮೀಕ್ಷೆ ಮಾಡಿಸಿದ್ದಾರೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ಅಷ್ಟಾದರೂ ಮಾಡುವ ಗಂಡಸರು ನೂರಕ್ಕೆ 26 ಮಾತ್ರ. 2024ರ ಸಮೀಕ್ಷೆಯಲ್ಲಿ 299 ಹೋಗಿ 289, 97 ಹೋಗಿ 88. ಕಳೆದು ನೋಡಿ: 202 ಇದ್ದ ಅಂತರ 201 ಆಗಿದೆ. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದಿದ್ದರೆ ನಮ್ಮನ್ನು ಮನೆಗೆ ಬಿಡುವುದಿಲ್ಲ!

ಒಂದು ಬಾಬು ಮಾತ್ರ ಯಾವ ಅಂಕಣಕ್ಕೂ ಹೊಂದಲಿಲ್ಲ. ಗ್ಯಾಸು ಮುಗಿಯುತ್ತ ಬಂದಿದೆ, ಬೇಳೆಗೆ ಹುಳ ಹತ್ತುವುದರೊಳಗೆ ಬಿಸಿಲಿಗೆ ಹಾಕಬೇಕು, ಮಗನ ಶಾಲೆಯ ಫೀ ಶುಕ್ರವಾರದೊಳಗೆ ಹೋಗಬೇಕು - ಹೀಗೆ ನೆನಪಿಡುವುದಕ್ಕೆ ಎಷ್ಟು ನಿಮಿಷವೆಂದು ಬರೆಯುವುದು? ಮಲಗಿದಾಗಲೂ ಅದು ನಡೆದೇ ಇರುತ್ತದೆ. ಆದುದರಿಂದ ‘ಸಹಾಯ ಮಾಡುತ್ತೇವೆ, ಏನು ಮಾಡಬೇಕು ಹೇಳು’ ಎಂಬ ಮಾತನ್ನು ನಾವು ಬಿಟ್ಟೆವು. ಹೇಳುವುದೂ ಒಂದು ಕೆಲಸವೇ. ಬಟ್ಟೆಯ ಖಾತೆಯನ್ನು ಪೂರ್ತಿಯಾಗಿ, ಮಾಸಿದ ಬುಟ್ಟಿಯಿಂದ ಮಡಿಚಿ ಕಪಾಟಿಗೆ ಸೇರುವವರೆಗೆ, ನಮ್ಮ ಹೆಸರಿಗೆ ಬರೆಸಿಕೊಂಡೆವು. ರವಿವಾರವನ್ನು ಮತ್ತೆ ‘ನೀರಿನ ದಿನ’ವೆಂದು ಸಾರಿದೆವು. ಮಕ್ಕಳಿಗೆ ಬಹಳ ಸಂತೋಷ.

ಮೊದಲ ತಿಂಗಳೇ ಕೆಂಪು ಇಳಕಲ್ ಸೀರೆಯ ಜೊತೆ ಮಗನ ಶಾಲೆಯ ಬಿಳಿ ಅಂಗಿಗಳನ್ನು ಯಂತ್ರಕ್ಕೆ ಹಾಕಿದೆವು. ಆ ವಾರ ಅವನು ಗುಲಾಬಿ ಅಂಗಿಯಲ್ಲಿ ಶಾಲೆಗೆ ಹೋದ. ನಮ್ಮ ತಾಯಿಯವರು ಬಂದಾಗ, ನಾವು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವುದನ್ನು ಕಂಡು, “ಬಟ್ಟಿ ಹಿಂಡಲಿಕ್ಕ ಬಿ.ಕಾಂ. ಓದಬೇಕಾಗಿತ್ತೇನು?” ಎಂದರು. ಅವರು ಇಂದಿಗೂ ಒಪ್ಪಿಲ್ಲ.

ಕಳೆದ ವರ್ಷದಿಂದ ಇದೇ ಸಭಾಗೃಹದಲ್ಲಿ ರವಿವಾರ ಹತ್ತರಿಂದ ಹನ್ನೆರಡರವರೆಗೆ ಕನ್ನಡ ತರಗತಿ ನಡೆಯುತ್ತಿದೆ. ಸದ್ಯ 11 ಮಕ್ಕಳಿದ್ದಾರೆ. ಇನ್ನೂ ಹತ್ತು ಮಕ್ಕಳಿಗೆ ಚಾಪೆ ಇದೆ. ಮಕ್ಕಳನ್ನು ಕರೆತರುವ ಕೆಲಸ ತಂದೆಯರು ವಹಿಸಿಕೊಳ್ಳಲಿ ಎಂದು ಶಿಕ್ಷಕಿಯವರ ಸೂಚನೆಯಿದೆ. ಅದನ್ನು ಇಲ್ಲಿ ಓದಿ ಹೇಳಬೇಕೆಂದು ನಮಗೆ ಅಪ್ಪಣೆಯಾಗಿತ್ತು.